ಕುಂಕುಮ ಹತ್ತಿದ ಗುಂಡುಗಳು

ಆಯುಧಪೂಜೆಯ ಮರುದಿನವೇ ಮೊಮ್ಮಗಳಿಗೆ ಏರ್ ರೈಫಲ್ ಪಂದ್ಯವಿತ್ತು. ಜಪಾನಿನ ಇಚಿಕಾವಾದ ಮನೆಯಲ್ಲಿ ಅವಳು ಸೀಸದ ಗುಂಡುಗಳನ್ನು ಒಂದೊಂದಾಗಿ ತೂಗಿ, ಸಮತೂಕದವನ್ನಷ್ಟೇ ಡಬ್ಬಿಗೆ ಹಾಕಿಟ್ಟಿದ್ದಳು. ತೂಕ ತಪ್ಪಿದರೆ ಗುರಿಯೂ ತಪ್ಪುತ್ತದಂತೆ.

ಈ ದೇಶದಲ್ಲಿ ಪರವಾನಗಿ ಇಲ್ಲದೆ ಅವಳ ಬಂದೂಕನ್ನು ನಾನು ಮುಟ್ಟುವಂತಿಲ್ಲ. ಅದಕ್ಕೇ ಗುಂಡುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ಕೈಮುಗಿದೆ.

"ಅಯ್ಯೋ ಅಜ್ಜೀ! ವೆಯ್ಟ್ ಎಲ್ಲಾ ಚೇಂಜ್ ಆಯ್ತು!"

"ಸುಮಿಮಾಸೆನ್ ಕಣೇ," ಎಂದು ಇಲ್ಲಿಯವರ ಮಾತಲ್ಲೇ ಕ್ಷಮೆ ಕೇಳಿದೆ.

ಅವಳಿಗೆ ನಗು ತಡೆಯಲಾಗಲಿಲ್ಲ. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ನಾನು ಮೆತ್ತಗೆ ಒರೆಸಿ ಕೊಟ್ಟೆ, ಅವಳು ಮತ್ತೆ ತೂಗಿದಳು. ಸದಾ ಅಭ್ಯಾಸಕ್ಕೆಂದು ಓಡುವ ಮಗು ಅವತ್ತು ಸಂಜೆಯೆಲ್ಲ ನನ್ನ ಜೊತೆಗೇ ಇತ್ತು!

ಮರುದಿನ ಗೆದ್ದು ಬಂದವಳೇ ನನ್ನನ್ನು ತಬ್ಬಿಕೊಂಡಳು.

"ನೆಕ್ಸ್ಟ್ ಟೈಮ್ ಡಬ್ಬಿಗೆ ಮಾತ್ರ ಕುಂಕುಮ, ಓಕೆ ಅಜ್ಜಿ?"

ದೇವರೇ, ಇನ್ನೇನು ಬೇಕು ನನಗೆ!