ಹದಿನಾಲ್ಕು ದಿನ ಮಾತ್ರೆ ಬಿಟ್ಟ ಬಡಗಿ

ನಮ್ಮ ಬೀದಿಯ ಬಡಗಿಯನ್ನು ಎಲ್ಲರೂ ‘ಕಣ್ಣಳತೆ’ ಎಂದೇ ಕರೆಯುತ್ತಿದ್ದರು. ಅವನು ಕೂರಿಸಿದ ಬಾಗಿಲು ನೆಲಕ್ಕೆ ಉಜ್ಜಿದ್ದನ್ನು ನಾನಂತೂ ಕಂಡಿಲ್ಲ. ಅಂಥವನಿಗೆ ಹತ್ತು ವರ್ಷದಿಂದ ಹೊಟ್ಟೆಯುರಿ. ಪಕ್ಕದ ಅಂಗಡಿಯವನ ಗಿರಾಕಿ ಕಂಡು ಬಂದದ್ದಲ್ಲ, ನಿಜವಾದ ಉರಿ. ಉಳಿಯ ಡಬ್ಬದಲ್ಲೇ ಗ್ಯಾಸ್ಟ್ರಿಕ್ ಮಾತ್ರೆ ಇಟ್ಟುಕೊಂಡು, ಯಾರೂ ನೋಡದಾಗ ಒಂದೊಂದು ಗುಳುಂ ಮಾಡುತ್ತಿದ್ದ.

ಅವನ ಅಣ್ಣ ಜಠರದ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಹೆಂಡತಿ ಇವನನ್ನು ಆಸ್ಪತ್ರೆಗೆ ಎಳೆದೊಯ್ದಳು. ಗಂಟಲೊಳಗೆ ಕೊಳವೆ ಇಳಿಸಿ, ಜಠರದ ಒಳಪದರದ ಚೂರು ತೆಗೆದು ನೋಡಿದರು.

“ಕ್ಯಾನ್ಸರ್ ಇಲ್ಲ,” ಎಂದರು ವೈದ್ಯೆ. “ಆದ್ರೆ ಒಳಪದರ ಕೆಟ್ಟಿದೆ, ಮುಂದೆ ಅದಕ್ಕೆ ತಿರುಗಬಹುದು. ಹೀಗೆ ಕೆಡಿಸೋದು ಸಾಮಾನ್ಯವಾಗಿ ಹೊಟ್ಟೇಲಿ ಬೀಡುಬಿಟ್ಟಿರೋ ಒಂದು ಬ್ಯಾಕ್ಟೀರಿಯಾ. ಅದೇ ಕಾಣ್ತಿಲ್ಲ. ಮಾತ್ರೆ ಏನಾದ್ರೂ ತಗೋತೀರಾ?”

“ಮಾತ್ರೆನಾ? ಕಲ್ಲು ತಿಂದು ಅರಗಿಸ್ಕೊಳ್ಳೋನು ಕಣಮ್ಮಾ ನಾನು!”

“ಸುಳ್ಳುಬುರುಕ! ಗ್ಯಾಸ್ಟ್ರಿಕ್ ಮಾತ್ರೆ ದಿನಕ್ಕೆ ಮೂರು ನುಂಗ್ತಾರೆ ಡಾಕ್ಟ್ರೇ,” ಎಂದಳು ಹೆಂಡತಿ.

ವೈದ್ಯೆ ಮುಂದಕ್ಕೆ ಬಾಗಿದರು. “ಆ ಮಾತ್ರೆಯಿಂದ್ಲೇ ಬ್ಯಾಕ್ಟೀರಿಯಾ ಪರೀಕ್ಷೇಲಿ ಸಿಗದೆ ಅಡಗಿರುತ್ತೆ. ಹದಿನಾಲ್ಕು ದಿನ ಒಂದೂ ಮುಟ್ಟಬೇಡಿ. ಆಮೇಲೆ ಉಸಿರಿನ ಪರೀಕ್ಷೆ. ಸಿಕ್ಕಿದ್ರೆ ಓಡಿಸೋಕೆ ಔಷಧಿ ಇದೆ. ಸಿಗದೆ ಒಳಗೇ ಉಳಿದ್ರೆ, ನಿಮ್ಮಣ್ಣನಿಗೆ ಆದದ್ದು ನಿಮಗೂ ಆಗಬಹುದು.”

ಮೂರನೆಯ ದಿನಕ್ಕೇ ಅವನ ಮುಖ ಕಪ್ಪಿಟ್ಟಿತು. ಹನ್ನೊಂದನೆಯ ದಿನ ಬಾಗಿಲು ಕೀಸುತ್ತಿದ್ದವನು ಹತ್ತರಿ ಕೈಬಿಟ್ಟು ಮುದುಡಿ ಕೂತ. ಎದೆಗೂಡಿನವರೆಗೆ ಕೆಂಡ. ಕೈ ತಾನಾಗಿಯೇ ಡಬ್ಬ ತಡಕಿತು. ಉಳಿಗಳ ಅಡಿಯಲ್ಲಿ ಒಂದೇ ಒಂದು ಮಾತ್ರೆ ಉಳಿದಿತ್ತು. ನಾಲಿಗೆಯ ಮೇಲಿಟ್ಟ.

“ನುಂಗಿ, ನುಂಗಿ.” ಹೆಂಡತಿ ಹಿಂದೆಯೇ ನಿಂತಿದ್ದಳು. “ಕಡೇ ದಿನಗಳಲ್ಲಿ ಭಾವನಿಗೆ ನೀರು ಕುಡಿಸಿದ ಲೋಟ ಮನೇಲೇ ಇದೆ. ನಿಮಗೂ ಅಂತ ತೆಗೆದಿಡ್ಲಾ?”

ಅವನು ಅವಳನ್ನು ದುರುಗುಟ್ಟಿ ನೋಡಿದ. ಕೊನೆಗೆ ಮಾತ್ರೆಯನ್ನು ಮರದ ಹೊಟ್ಟಿನ ಮೇಲೆ ತೂ ಎಂದು ಉಗಿದ. ಅವಳು ಅದನ್ನು ಕಾಲಲ್ಲಿ ಹೊಸಕಿ ಹಾಕಿದಳು.

ಹದಿನೈದನೆಯ ದಿನ ಅವನು ಪರೀಕ್ಷೆಯ ಚೀಲದೊಳಗೆ ಉಸಿರು ಊದಿ ಬೆಂಚಿನ ಮೇಲೆ ಕೂತ.

“ಸಿಕ್ಕಿತು,” ಎಂದರು ವೈದ್ಯೆ. “ಇನ್ನು ಹದಿನಾಲ್ಕು ದಿನ ಇಷ್ಟೂ ಮಾತ್ರೆ, ಒಂದು ಹೊತ್ತೂ ತಪ್ಪಿಸಬಾರದು. ಅದು ಹೋದ್ರೆ ಅಪಾಯ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಆಗಾಗ ಬಂದು ತೋರಿಸ್ತಾ ಇರಬೇಕು.”

ಅವನು ಪೊಟ್ಟಣವನ್ನು ಹೆಂಡತಿಯ ಮಡಿಲಿಗೆ ಹಾಕಿದ.

“ನೀನೇ ಕೊಡು. ನುಂಗಿದ್ನೋ ಇಲ್ವೋ, ಬಾಯಿ ತೆಗೆಸಿ ನೋಡು.”