ಶಾಲೆಗೆ ಹೋಗದವಳ ಸಂದರ್ಶನ

ನಾನು ಪಾಠ ಮಾಡುವ ಪುಣೆಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಸೀಟಿಗೆ ಭಾರೀ ಪೈಪೋಟಿ. ಸಂದರ್ಶನಕ್ಕೆ ಬಂದ ಗೌರಿ ಶಾಲೆಗೇ ಹೋದವಳಲ್ಲ. ಮನೆಯಲ್ಲೇ ಓದಿ ಪರೀಕ್ಷೆ ಪಾಸಾಗಿದ್ದಳು. ಇಲ್ಲಿ ನಿಭಾಯಿಸುತ್ತಾಳೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಅವಳ ಮನೆಯವರೂ ನಮ್ಮ ಧಾರವಾಡದ ಕಡೆಯವರೇ.

"ಮನ್ಯಾಗ ಏನೇನ್ ಕಲತಿ ತಂಗಿ?" ಎಂದೆ.

"ಇಲ್ಲೇ ಪುಣೆ ಹತ್ರ ಭೋರ ಊರಾಗ ನಮ್ಮ ಓಣಿ ಬಾವಿ ನೀರು ಪ್ರತಿ ವಾರ ಅಳದೇನ್ರಿ ಸರ್. ಎರಡು ಬಾವಿ ಅಕ್ಕಪಕ್ಕ ಅದಾವ. ಒಂದು ಚಳಿಗಾಲದಾಗ ಬತ್ತತದ, ಇನ್ನೊಂದು ಬ್ಯಾಸಗ್ಯಾಗೂ ತುಂಬಿರ್ತದ. ಯಾಕ್ರಿ?"

ಪ್ರಶ್ನೆ ಕೇಳಬೇಕಾದ ನಾನೇ ಎದ್ದು ಬೋರ್ಡಿನ ಮೇಲೆ ಬಂಡೆಯ ಪದರ ಬರೆದೆ. ಅವಳು ಮಾರ್ಕರ್ ಇಸಿದುಕೊಂಡಳು.

"ನೀರು ಬರೋ ಬಿರುಕು ಈ ತುಂಬಿದ ಬಾವಿ ಕಡೆ ಇರಬೇಕ್ರಿ."

ಸರಿಯಾಗಿಯೇ ಹೇಳಿದ್ದಳು. ನನಗೆ ಹೊರಗೆ ಉಳಿದವರು ಕಾಯುತ್ತಿರುವುದೇ ಮರೆತುಹೋಯಿತು.

ಗೌರಿಗೆ ಸೀಟು ಸಿಕ್ಕಿತು. ಮೊದಲ ದಿನ ತರಗತಿ ಮುಗಿದ ಗಂಟೆ ಹೊಡೆದರೂ ಅವಳು ಏಳಲಿಲ್ಲ, ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತ ನನ್ನನ್ನೂ ಬಿಡಲಿಲ್ಲ. ಆವತ್ತು ನನಗೆ ಕ್ಯಾಂಟೀನಿನಲ್ಲಿ ಊಟ ಸಿಗಲಿಲ್ಲ.