ವಾರ್ಡು ಬಿಟ್ಟು ಚಾವಡಿಗೆ ಬಂದ ಪ್ರೇಮಾವತಿ

ಬೆಳಕು ಹರಿಯುವ ಹೊತ್ತು. ಸಿದ್ಧಕಟ್ಟೆಯ ಗುಡ್ಡದ ಬದಿಯ ಮನೆಯೊಂದರ ಚಾವಡಿಯಲ್ಲಿ ನರ್ಸ್ ಪ್ರೇಮಾವತಿಯವರು ಚಾಪೆಯ ಪಕ್ಕ ಮೊಣಕಾಲೂರಿ ಕುಳಿತಿದ್ದಾರೆ. ಚಾಪೆಯ ಮೇಲೆ ಮಲಗಿರುವ ರುಕ್ಮಯ್ಯನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮಂಗಳೂರಿನಿಂದ ಬಂದಿರುವ ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರು ಅವನ ಮಗ್ಗುಲು ಬದಲಿಸಬೇಕು. ಅವರಲ್ಲೊಬ್ಬಳು, ಕಾಂತಿ, ಭುಜ ಹಿಡಿದು ಎಳೆಯುತ್ತಾಳೆ.

"ಅಕ್ಕಿಮುಡಿ ಎಳೆದ ಹಾಗೆ ಎಳೀಬೇಡ ಮಾರಾಯ್ತಿ," ರುಕ್ಮಯ್ಯ ಮಲಗಿದಲ್ಲಿಂದಲೇ ಗದರುತ್ತಾನೆ. "ಒಂದು ಕೈ ಸೊಂಟಕ್ಕೆ ಕೊಡು. ಹಾಂ, ಈಗ ತಿರುಗಿಸು."

ಪ್ರೇಮಾವತಿಯವರು, ಪತ್ರಿಕೆಗೆ ಬರೆಯಲು ಬಂದಿರುವ ನನ್ನ ಕಡೆ ನೋಡಿ ನಗುತ್ತಾರೆ. "ಇಲ್ಲಿ ಮೇಷ್ಟ್ರು ನಾನಲ್ಲ, ಇವರು."

ಪ್ರೇಮಾವತಿಯವರ ಊರು ಮೂಡುಬಿದಿರೆ ಬಳಿಯ ಬೆಳುವಾಯಿ. ಗದ್ದೆ, ತೋಟ ಎಲ್ಲ ಇದ್ದ ಮನೆತನ. ಮನೆಯ ಯಜಮಾನರಾಗಿದ್ದ ಸೋದರಮಾವ ಮುಂಡಪ್ಪ ಶೆಟ್ಟರಿಗೆ ಹುಡುಗಿ ನರ್ಸ್ ಆಗುವುದು ಸುತರಾಂ ಇಷ್ಟವಿರಲಿಲ್ಲ. "ಊರವರ ಹೇಲುಚ್ಚೆ ಬಳಿಯುವುದಕ್ಕೆ ನಿನ್ನನ್ನು ಶಾಲೆಗೆ ಕಳಿಸಿದ್ದಾ?" ಎಂದು ಕೂಗಾಡಿದ್ದರಂತೆ. ತಾಯಿ ಮಾತ್ರ ಬಸ್ಸಿನವರೆಗೆ ಬಂದು ಬೀಳ್ಕೊಟ್ಟರು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ತರಬೇತಿ, ಅಲ್ಲೇ ಕೆಲಸ, ಮುಂದೆ ಗಂಡಸರ ವಾರ್ಡಿನ ಪೂರ್ತಿ ಹೊಣೆ.

ಮರಕ್ಕೆ ಹಬ್ಬಿದ ಬಳ್ಳಿಯಿಂದ ಒಳ್ಳೆಮೆಣಸು ಕೊಯ್ಯುವಾಗ ಏಣಿ ಜಾರಿ ಬೆನ್ನುಮೂಳೆ ಮುರಿದುಕೊಂಡ ರುಕ್ಮಯ್ಯ ಆ ವಾರ್ಡಿಗೆ ಬಂದದ್ದು ೧೯೫೬ರಲ್ಲಿ. ಕಾಲಿಗೆ ಬಲ ಬರಲಿಲ್ಲ, ಜೀವ ಉಳಿಯಿತು. ಮನೆಗೆ ಕಳಿಸಿದರು. ಕೆಲವೇ ವಾರಗಳಲ್ಲಿ ಮರಳಿ ಬಂದಾಗ ಬೆನ್ನಿನ ಬುಡದಲ್ಲಿ ಅಂಗೈಯಗಲದ ಹುಣ್ಣು, ಮೈಯೆಲ್ಲ ಸುಡುವ ಜ್ವರ. ವಾರ್ಡಿನವರು ಹೆಂಡತಿ ಪದ್ಮಾಕ್ಷಿಯನ್ನು ಬೈದರು. ಪ್ರೇಮಾವತಿಯವರೂ ಕೇಳಿದರು, "ಮಗ್ಗುಲು ಬದಲಿಸದೆ ಹಾಗೇ ಬಿಟ್ಟದ್ದಾ?"

"ಬೆನ್ನು ಅಲುಗಿಸಬಾರದು ಅಂತ ಇಲ್ಲಿ ಹೇಳಿದ್ದರಲ್ಲ ಅಕ್ಕ," ಎಂದಳು ಪದ್ಮಾಕ್ಷಿ. "ನಾನು ಅಲುಗಿಸಲೇ ಇಲ್ಲ. ಮನೆಯಲ್ಲಿ ಬೇರೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ."

"ತಪ್ಪು ನಮ್ಮದೇ," ಎಂದು ಪ್ರೇಮಾವತಿಯವರು ಈಗಲೂ ತಲೆ ತಗ್ಗಿಸುತ್ತಾರೆ. "ಹೇಳಿದ್ದನ್ನು ಅಕ್ಷರಶಃ ಪಾಲಿಸಿದವಳು ಅವಳು."

ಹುಣ್ಣು ಮಾಯುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಈ ಸಲ ರುಕ್ಮಯ್ಯನ ಜೊತೆ ಅವರೂ ರಜೆ ಹಾಕಿ ಸಿದ್ಧಕಟ್ಟೆಗೆ ಬಂದರು. ಮಂಚವಿಲ್ಲ, ರಬ್ಬರಿನ ಹಾಸಿಲ್ಲ. ವಾರ್ಡಿನಲ್ಲಿ ಕಲಿತದ್ದು ಅರ್ಧಕ್ಕರ್ಧ ಇಲ್ಲಿ ನಡೆಯದು. ಉಮಿ ತುಂಬಿದ ಚೀಲಗಳು ಕಾಲಿಗೆ ಆಸರೆಯಾದವು. ಮೈಗೆ ಅಂಟದ ಹಾಸಾಗಲೆಂದು ಪದ್ಮಾಕ್ಷಿ ಬಾಳೆಎಲೆ ಬಾಡಿಸಿ ತಂದಳು. ಇಬ್ಬರು ಹೆಂಗಸರೂ ಒಬ್ಬರಿಂದೊಬ್ಬರು ಕಲಿತರು. ರಜೆ ಮುಗಿದ ಮೇಲೆ ಪ್ರೇಮಾವತಿಯವರು ಆಸ್ಪತ್ರೆಗೆ ಹೋದದ್ದು ರಾಜೀನಾಮೆ ಕೊಡಲು. ಇನ್ನು ಮನೆಮನೆಗೆ ಹೋಗಿ ಮನೆಯವರಿಗೇ ಆರೈಕೆ ಕಲಿಸುವುದೆಂದು ನಿಶ್ಚಯಿಸಿದ್ದರು.

"ಮನೆ ಮನೆ ಅಲೆಯುವವಳನ್ನು ಯಾರು ನರ್ಸ್ ಅಂತಾರೆ?" ಎಂದಿದ್ದರಂತೆ ನರ್ಸುಗಳ ಮೇಲಧಿಕಾರಿ ಮೇಟ್ರನ್. ಅದೇ ಮೇಟ್ರನ್ ಕೆಲವು ವರ್ಷಗಳ ನಂತರ ಈ ಗುಡ್ಡ ಹತ್ತಿ ಬಂದು, ಬರೀ ಕಲೆ ಉಳಿದ ರುಕ್ಮಯ್ಯನ ಬೆನ್ನನ್ನು ಬಹಳ ಹೊತ್ತು ನೋಡಿದರು. ವಿದ್ಯಾರ್ಥಿನಿಯರು ಇಲ್ಲಿಗೆ ಬರಲು ತೊಡಗಿದ್ದು ಆಮೇಲೆ.

ದಾರಿ ಸಲೀಸಾಗಿರಲಿಲ್ಲ. ಮಡಂತ್ಯಾರಿನಲ್ಲಿ ಮುಸ್ಲಿಮರಾದ ಉಮ್ಮರ್ ಬ್ಯಾರಿಯ ತಾಯಿಯ ಗಾಯ ತೊಳೆದು ಬಂದರೆಂದು ಕೆಲವರು ಅವರನ್ನು ಅಂಗಳದಲ್ಲೇ ನಿಲ್ಲಿಸಿದ್ದುಂಟು. "ಎಲ್ಲ ಮನೆಯಲ್ಲೂ ಸಾಬೂನು ಹಾಕಿ ಕೈ ತೊಳೀತೇನೆ, ಅದಕ್ಕಿಂತ ಹೆಚ್ಚು ತೊಳೆಯುವುದಿಲ್ಲ ಅಂತ ಹೇಳಿ ಅಲ್ಲೇ ನಿಂತೆ. ಒಳಗೆ ರೋಗಿ ನರಳುವಾಗ ಎಷ್ಟು ಹೊತ್ತು ನಿಲ್ಲಿಸ್ತಾರೆ?"

ಬಿಸಿಲೇರುವಾಗ ಅವರ ಜೊತೆ ನಾನೂ ಮಡಂತ್ಯಾರಿನಲ್ಲಿ ಬಸ್ಸಿಳಿಯುತ್ತೇನೆ. ಪಾರ್ಶ್ವವಾಯು ಬಡಿದ ಮುದುಕಿಯೊಬ್ಬರನ್ನು ಇಲ್ಲಿ ಸೊಸೆ ಕುಸುಮ ನೋಡಿಕೊಳ್ಳುತ್ತಾಳೆ. ಮೊದಮೊದಲು ಅತ್ತೆಯನ್ನು ಮುಟ್ಟಲೂ ಹೆದರುತ್ತಿದ್ದ ಹುಡುಗಿ. ಇಂದು ನಾವು ಹೋಗುವಷ್ಟರಲ್ಲಿ ಮೈ ಒರೆಸಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ ಆಗಿದೆ. ಪ್ರೇಮಾವತಿಯವರು ಮುದುಕಿಯ ಸೊಂಟ, ಹಿಮ್ಮಡಿ ಒತ್ತಿ ನೋಡುತ್ತಾರೆ. ಎಲ್ಲಿಯೂ ಕೆಂಪಿಲ್ಲ.

"ನರ್ಸಕ್ಕ, ಇನ್ನು ನೀವು ಬರುವುದು ಬೇಡ. ನಾನೇ ಮಾಡ್ತೇನೆ," ಎಂದು ಕುಸುಮ ಅಂದುಬಿಡುತ್ತಾಳೆ. ಅಂದ ಮೇಲೆ ತಪ್ಪಾಯಿತೇನೋ ಎಂದು ನಾಲಗೆ ಕಚ್ಚಿಕೊಳ್ಳುತ್ತಾಳೆ.

ಪ್ರೇಮಾವತಿಯವರು ನಗುತ್ತ ಅಂಗಳಕ್ಕಿಳಿಯುತ್ತಾರೆ. ರಸ್ತೆಗೆ ಬಂದಮೇಲೆ ಕೊಡೆ ಬಿಡಿಸುತ್ತ ಹೇಳುತ್ತಾರೆ:

"ಬರುವುದು ಬೇಡ ಅಂದಳು, ಕೇಳಿದಿರಲ್ಲ? ಪೇಪರಿನಲ್ಲಿ ನನ್ನ ಬಗ್ಗೆ ಏನಾದರೂ ಹಾಕುವುದಿದ್ದರೆ ಅದನ್ನು ಹಾಕಿ."